ಒಣಗದ ಸೌದೆ

ಕರ್ಲೋವಾತ್ಸ್
ಭಾನುವಾರ, ೨ ಜೂನ್ ೧೯೧೨

ಪ್ರೀತಿಯ ಬಾರಿತ್ಸಕ್ಕ,

ಬ್ಲಾಜಣ್ಣ ಅಮೆರಿಕಕ್ಕೆ ಹೋಗಿಲ್ಲ. ಅವನು ಹೊಳೆಯಲ್ಲಿ ಮುಳುಗಿ ಸತ್ತಿದ್ದಾನೆ, ನಮ್ಮ ದಡದ ಗಂಡಸರೆಲ್ಲ ಸೇರಿ ಅದನ್ನು ಮುಚ್ಚಿಟ್ಟಿದ್ದಾರೆ.

ಕ್ಷೇಮವನ್ನು ಮೊದಲು ಕೇಳಬೇಕಿತ್ತು, ಕ್ಷಮಿಸು. ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೂ ಕ್ಷಮಿಸು. ಈ ಕಾಗದವನ್ನು ಹಲವು ಸಲ ಶುರುಮಾಡಿ ಹರಿದು ಹಾಕಿದೆ. 'ನಾವೆಲ್ಲ ಚೆನ್ನಾಗಿದ್ದೇವೆ' ಎಂದು ಬರೆದ ಕೂಡಲೇ ಕೈ ನಿಂತುಬಿಡುತ್ತಿತ್ತು. ಮಗು ಹಾಲು ಕುಡಿಯುತ್ತಿದೆಯೇ? ಭಾವ ದೋಣಿಯಿಂದ ಮರಳಿದರೇ? ಸೀಸಾಕಿನಲ್ಲಿ ನಿನಗೆ ಜೊತೆಗೆ ಯಾರಾದರೂ ಇರುವಾಗ ಈ ಕಾಗದ ಸಿಗಲಿ ಎಂದು ಆಸೆ.

ಬ್ಲಾಜ್ ಯಾರಿಗೂ ಹೇಳದೆ ರಿಯೇಕಾ ಬಂದರಿಗೆ ಓಡಿಹೋಗಿ ಹಡಗು ಹತ್ತಿದ ಎಂದು ಅಪ್ಪ ನಿನಗೆ ಬರೆಸಿದರಲ್ಲ, ನಾನೂ ಒಂದೆರಡು ದಿನ ಹಾಗೆಯೇ ನಂಬಿದ್ದೆ. ಆದರೆ ಅಕ್ಕ, ಅವನ ಕೋಟು ಬಾಗಿಲ ಹಿಂದಿನ ಮೊಳೆಯಲ್ಲೇ ತೂಗುತ್ತಿದೆ. ಕೋಟಿಲ್ಲದೆ ಯಾರು ಸಮುದ್ರ ದಾಟುತ್ತಾರೆ?

ಸೋಮವಾರ ಕಾರ್ಖಾನೆಯಲ್ಲಿ ವಿಂಕೊನನ್ನು ಹಿಡಿದೆ. ಚಿಕ್ಕಂದಿನಿಂದ ಬ್ಲಾಜಣ್ಣನ ನೆರಳಿನಂತೆ ಇದ್ದವನು ಅವನು, ನಿನಗೆ ಗೊತ್ತು. ಹೊಳೆಯ ಹಲಗೆಯ ಮೇಲೆ ಹಸಿ ಚರ್ಮ ತೊಳೆಯುತ್ತಿದ್ದ.

"ಏನೋ ವಿಂಕೊ, ನಿನ್ನ ಗೆಳೆಯನ ಸುದ್ದಿ ಏನಾದ್ರೂ ಬಂತಾ?" ಎಂದೆ.

"ಹಡಗು ಇನ್ನೂ ಮುಟ್ಟಿರಲ್ಲ ತಿಲ್ಕ."

"ಕೋಟು ಮರೆತು ಹೋಗಿದಾನೆ. ಅಂಚೇಲಿ ಕಳಿಸ್ಲಾ? ವಿಳಾಸ ನೀನೇ ಕೊಡು."

ಅವನು ಚರ್ಮದ ರಾಶಿಯ ಮೇಲೆ ಕುಸಿದು ಕುಳಿತ. ದೊಡ್ಡ ಗಂಡಸು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತ. ಆಮೇಲೆ ಹೇಳಿದ.

ಸಂತ ಇವಾನನ ಹಬ್ಬದ ಸಂಜೆ ಎರಡೂ ದಡದವರು ಪೈಪೋಟಿಯಲ್ಲಿ ಹಚ್ಚುವ ಬೆಂಕಿಗೆ ಸೌದೆ ಕದಿಯಲು ಹೋಗಿದ್ದರಂತೆ. ಪ್ರತಿ ವರ್ಷದ ಹುಚ್ಚು ಅದೇ. ಆಚೆ ದಡದವರು ತಮ್ಮ ಸೌದೆಯ ಒಟ್ಟಿಲಿನ ನಡುವೆ ನಿಲ್ಲಿಸಲು ಓಕ್ ಮರದ ಉದ್ದನೆಯ ಕಾಂಡವೊಂದನ್ನು ತಂದಿಟ್ಟಿದ್ದರು. ಅದನ್ನು ನಮ್ಮ ದಡಕ್ಕೆ ಎಳೆದು ತಂದರೆ ಈ ವರ್ಷ ನಮ್ಮದೇ ಎತ್ತರದ ಬೆಂಕಿ. ಮೇಲ್ಗಡೆ ಸುರಿದ ಮಳೆಯಿಂದ ಕೂಪಾ ಹೊಳೆ ಉಕ್ಕಿ ಹರಿಯುತ್ತಿತ್ತು. ಬ್ಲಾಜಣ್ಣ ದೋಣಿಯಲ್ಲಿ ಹಗ್ಗ ಹಿಡಿದು ಕುಳಿತಿದ್ದ. ಕಾಂಡ ತಿರುಗಿತು, ದೋಣಿ ಮಗುಚಿತು. ಕಾಂಡ ಈ ದಡ ಮುಟ್ಟಿತು. ಬ್ಲಾಜಣ್ಣ ಮುಟ್ಟಲಿಲ್ಲ.

"ಯಾಕೋ ಹೇಳ್ಲಿಲ್ಲ?" ಎಂದೆ.

"ಹೋದ ವರ್ಷ ಸೌದೆ ಕದಿಯೋಕೆ ಹೋಗಿ ಒಬ್ಬ ಹುಡುಗ ಕಾಲು ಮುರ್ಕೊಂಡಾಗ ಊರ ದೊಡ್ಡವರು ಏನಂದ್ರು, ನೆನಪಿಲ್ವಾ? ಇನ್ನೊಂದು ಅವಘಡ ಆದ್ರೆ ಎರಡೂ ದಡದಲ್ಲಿ ಬೆಂಕಿನೇ ಇಲ್ಲ ಅಂತ. ಬೆಂಕಿ ಒಂದು ಆಗಿಹೋಗ್ಲಿ ತಿಲ್ಕ. ಆಮೇಲೆ ನಾವೇ ಹೋಗಿ ಹೇಳ್ತೀವಿ."

ಬೆಂಕಿ ಒಂದು ಆಗಿಹೋಗಲಿ! ನಾನು ಸುಮ್ಮನಿರುವವಳೇ? ನೇರ ಠಾಣೆಗೆ ಹೋದೆ. ಅಲ್ಲಿದ್ದವನು ಮೀಸೆ ತಿರುವುತ್ತ, "ಅಮೆರಿಕಕ್ಕೆ ಓಡಿಹೋದ ಗಂಡಸರನ್ನೆಲ್ಲ ಹೊಳೇಲಿ ಹುಡುಕ್ತಾ ಕೂತ್ರೆ ನಮಗೆ ಊಟ ಯಾರಮ್ಮ ಹಾಕ್ತಾರೆ? ಹೆಣ ಸಿಕ್ಕಿದ್ರೆ ಬಾ" ಎಂದ. ಪಾದ್ರಿಗಳ ಬಳಿ ಹೋದರೆ ಅವರೂ ತಲೆ ಸವರಿ, "ಹಬ್ಬ ಕಳೀಲಿ ಮಗಳೇ" ಎಂದರು. ನಾನು ಓದುವ ಸಮಾಜವಾದಿ ಕಿರುಹೊತ್ತಗೆಗಳಲ್ಲಿ ಬರೆದಿರುವುದು ಸುಳ್ಳಲ್ಲ ಅಕ್ಕ. ಈ ದಡದ ಬಡವ ಆ ದಡದ ಬಡವನಿಗಿಂತ ಎತ್ತರದ ಬೆಂಕಿ ಹಚ್ಚಲು ಪ್ರಾಣ ಕೊಡುತ್ತಾನೆ. ಕಾರ್ಖಾನೆಯ ಯಜಮಾನ ಸೇತುವೆಯ ಮೇಲೆ ಕುರ್ಚಿ ಹಾಕಿಸಿಕೊಂಡು, ಬಿಯರ್ ಕುಡಿಯುತ್ತ, ಯಾರು ಗೆದ್ದರೆಂದು ಹೇಳುತ್ತಾನೆ.

ಅಪ್ಪನಿಗೆ ನಾನಿನ್ನೂ ಹೇಳಿಲ್ಲ. ಈ ವರ್ಷವೂ ಬೆಂಕಿಯ ಹೊಣೆ ಅವರದೇ. ಧಾನ್ಯದ ದೋಣಿಗಳು ನಿಂತುಹೋದ ಮೇಲೆ ಅಪ್ಪ ಕಾರ್ಖಾನೆಯಲ್ಲಿ ಚರ್ಮ ಹೊರುವ ಆಳು. ವರ್ಷದಲ್ಲಿ ಈ ಒಂದು ತಿಂಗಳು ಮಾತ್ರ ದಡದವರೆಲ್ಲ ಅವರನ್ನು 'ಯಜಮಾನರೇ' ಎನ್ನುತ್ತಾರೆ. ಮಗನ ಸಾವನ್ನು ಅವರಿಗೆ ಹೇಗೆ ಹೇಳಲಿ? ಅಮ್ಮನಿಗೆ ಹೇಳಿದೆ. ಅಮ್ಮ ಅಳಲಿಲ್ಲ. "ಹೊಳೆಗೆ ರೊಟ್ಟಿ ಬಿಡ್ಬೇಕು" ಎಂದಳು, ಅಷ್ಟೇ.

ಮಗುವಿಗೆ ನನ್ನ ಮುತ್ತು.

ನಿನ್ನ ತಂಗಿ,
ತಿಲ್ಕ


ಕರ್ಲೋವಾತ್ಸ್
ಬುಧವಾರ, ೧೨ ಜೂನ್

ಪ್ರೀತಿಯ ಅಕ್ಕ,

ನಿನ್ನ ಕಾಗದ ಬಂತು. ಶಾಯಿ ಹರಡಿದ ಕಡೆ ನೀನು ಏನು ಬರೆದಿದ್ದೆಯೋ ಓದಲಾಗಲಿಲ್ಲ, ಅರ್ಥವಾಯಿತು. ಬ್ಲಾಜಣ್ಣ ಸಿಕ್ಕ ಕೂಡಲೇ ಹೊರಟು ಬರುವೆ ಎಂದಿದ್ದೀಯ. ಅವನು ಸಿಕ್ಕಿಲ್ಲ. ಆದರೆ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ಹುಚ್ಚು ಹಿಡಿಯಿತು ಎಂದುಕೊಳ್ಳಬೇಡ.

ಮುಳುಗಿದವರನ್ನು ಹುಡುಕಲು ನಮ್ಮ ಅಜ್ಜಿಯರು ಮಾಡುತ್ತಿದ್ದ ಹಾಗೆ ಅಮ್ಮ ಗೋಧಿ ರೊಟ್ಟಿ ಸುಟ್ಟಳು. ಅದರ ನೆತ್ತಿಯಲ್ಲಿ ಗುಳಿ ತೋಡಿ, ಚಳಿಗಾಲದ ಹಬ್ಬದಲ್ಲಿ ಇಗರ್ಜಿಯಿಂದ ತಂದ ಮೇಣದಬತ್ತಿಯನ್ನು ನಿಲ್ಲಿಸಿದಳು. ಬತ್ತಿ ಹಚ್ಚಿ ಹೊಳೆಗೆ ಬಿಟ್ಟರೆ ಅದು ಹೆಣವಿರುವಲ್ಲಿಗೆ ಹೋಗಿ ನಿಲ್ಲುತ್ತದಂತೆ. ನಾನು ಜಗಳವಾಡಿದೆ. "ಅಮ್ಮಾ, ಹಿಟ್ಟಿಗೆ ಕಣ್ಣಿದ್ಯಾ, ಮೂಗಿದ್ಯಾ? ಹೊಳೆಗೆ ಗಾಳ ಹಾಕಿ ಹುಡುಕೋಣ" ಎಂದೆ. ಪಕ್ಕದ ಮನೆಯ ಯಾನಾ ಅಜ್ಜಿ ತಿರುಗಿ ನೋಡದೆಯೇ, "ನಿನ್ನ ಪುಸ್ತಕದಾಗೆ ಹೊಳೆ ಹರೀತದೇನೇ? ಸುಮ್ಕಿರು" ಎಂದಳು.

ಸಂಜೆ ಸೂರ್ಯ ಇನ್ನೂ ಇದ್ದ. ಬ್ಲಾಜಣ್ಣನ ದೋಣಿ ಮಗುಚಿದ ಕಡೆ ಸೇತುವೆಯ ಕಂಬದ ಬಳಿ ಅಮ್ಮ ಮೊಣಕಾಲುದ್ದ ನೀರಿಗಿಳಿದು ರೊಟ್ಟಿಯನ್ನು ಬಿಟ್ಟಳು. ಅದು ಎಲ್ಲ ರೊಟ್ಟಿಯೂ ಹೋಗುವ ಹಾಗೆ ನಡುಹೊಳೆಯಲ್ಲಿ ತೇಲುತ್ತ ಕೆಳಕ್ಕೆ ಹೋಯಿತು. ಬಟ್ಟೆ ಒಗೆಯುವ ಹೆಂಗಸರ ಹಲಗೆ ದಾಟಿತು, ಬಾತುಗಳ ನಡುವೆ ಹಾದುಹೋಯಿತು. ನಾವು ದಡದಲ್ಲಿ ಜೊತೆಯಲ್ಲೇ ನಡೆದೆವು. ನಮ್ಮವರು ಸೌದೆ ಒಟ್ಟಿರುವ ಮರಳಿನ ದಂಡೆ ಇದೆಯಲ್ಲ, ಅಲ್ಲಿಗೆ ಬಂದಾಗ ರೊಟ್ಟಿ ನಿಂತಿತು. ನೀರು ಅದರ ಎರಡೂ ಬದಿಯಲ್ಲಿ ಹರಿಯುತ್ತಿತ್ತು, ರೊಟ್ಟಿ ಹರಿಯಲಿಲ್ಲ. ಆಮೇಲೆ ಮೆಲ್ಲಗೆ ನಮ್ಮ ಕಡೆ ಬಂತು. ಸೆಳೆತಕ್ಕೆ ಅಡ್ಡವಾಗಿ, ಯಾರೋ ದಾರ ಕಟ್ಟಿ ಎಳೆದ ಹಾಗೆ. ಬಂದು ದಂಡೆಯ ಮರಳಿಗೆ ತಾಗಿ ನಿಂತಿತು. ಗಾಳಿ ಇತ್ತು, ನನ್ನ ತಲೆಯ ಬಟ್ಟೆ ಹಾರುತ್ತಿತ್ತು. ಮೇಣದಬತ್ತಿಯ ಉರಿ ನೆಟ್ಟಗೆ ನಿಂತಿತ್ತು.

ಒಟ್ಟಿಲು ಕಟ್ಟುತ್ತಿದ್ದವರು ಕೆಲಸ ನಿಲ್ಲಿಸಿದರು. ಅಪ್ಪ ಉದ್ದನೆಯ ಗಳು ತಂದು ರೊಟ್ಟಿಯನ್ನು ನಡುಹೊಳೆಗೆ ತಳ್ಳಿದರು. ಅದು ಮತ್ತೆ ಬಂತು. ಮತ್ತೆ ತಳ್ಳಿದರು, ಮತ್ತೆ ಬಂತು.

"ರೊಟ್ಟಿ ದಾರಿ ತಪ್ಪಿದೆ" ಎಂದ ಒಬ್ಬ. "ಇಲ್ಲಿ ನೀರಲ್ಲಿ ಪಾದಾನೂ ಮುಳುಗಲ್ಲ. ಕರು ಕೂಡ ಮುಳುಗಲ್ಲ ಇಲ್ಲಿ."

"ಹಂಗಾದ್ರೆ ಯಾಕೋ ನಿನ್ನ ಹಲ್ಲು ಕಟಕಟ ಅಂತಿದೆ?" ಎಂದಳು ಯಾನಾ ಅಜ್ಜಿ.

ಮರುದಿನ ನಾನೊಬ್ಬಳೇ ಹೋದೆ. ನೀರಿಗೆ ಸುಳಿ ಇರುತ್ತದೆ, ಸುಳಿಗೆ ಕಾರಣ ಇರುತ್ತದೆ, ಕಾರಣ ಗೊತ್ತಾದರೆ ಭಯ ಇರುವುದಿಲ್ಲ ಎಂದು ಓದಿದ್ದೇನೆ. ಅದೇ ಕಂಬದ ಬಳಿಯಿಂದ ಮರದ ಚೂರುಗಳನ್ನು ಬಿಟ್ಟೆ. ಎಲ್ಲವೂ ನಡುಹೊಳೆಯಲ್ಲಿ ಹೋಗಿ ತಿರುವಿನಲ್ಲಿ ಮರೆಯಾದವು. ಬರೀ ರೊಟ್ಟಿ ಬಿಟ್ಟೆ, ಅದೂ ಹೋಯಿತು. ಕೊನೆಗೆ, ಹೇಳಲು ನಾಚಿಕೆ, ಬತ್ತಿ ಹಚ್ಚಿದ ರೊಟ್ಟಿ ಬಿಟ್ಟೆ. ಅದು ದಂಡೆಗೆ ಬಂತು. ನಾನು ಮರಳಿನಲ್ಲಿ ಕುಳಿತು ಅದನ್ನು ಬಹಳ ಹೊತ್ತು ನೋಡಿದೆ. ನನ್ನ ಯಾವ ಹೊತ್ತಗೆಯಲ್ಲೂ ಇದಕ್ಕೆ ಉತ್ತರವಿಲ್ಲ, ಇದೆ ಎಂದು ನಿನಗೆ ಸುಳ್ಳು ಹೇಳಲಾರೆ.

ಇನ್ನೊಂದು ವಿಷಯ. ಇಲ್ಲಿ ಎರಡು ವಾರದಿಂದ ಹನಿ ಮಳೆಯಿಲ್ಲ. ಹಿತ್ತಲಿನ ಮೆಕ್ಕೆಜೋಳದ ಎಲೆ ಸುರುಟಿಕೊಂಡಿದೆ. ಆದರೂ ಒಟ್ಟಿಲಿನ ಅಡಿಯ ಸೌದೆ ಒದ್ದೆ. ಮುಟ್ಟಿ ನೋಡಿದೆ. ಇಬ್ಬನಿಯ ತೇವವಲ್ಲ ಅದು. ಬಟ್ಟೆ ಹಿಂಡುವಾಗ ಬರುವ ಹಾಗೆ ನೀರು ಬೆರಳ ಸಂದಿಯಿಂದ ಇಳಿಯಿತು. ನಮ್ಮ ಹಳೆಯ ಬೇಲಿಯ ಗೂಟವೊಂದನ್ನು ಅಪ್ಪ ಅಲ್ಲಿ ಹಾಕಿದ್ದರು, ನಾವು ಚಿಕ್ಕವರಿದ್ದಾಗಲೇ ಒಣಗಿ ಬೂದುಬಣ್ಣಕ್ಕೆ ತಿರುಗಿದ್ದ ಗೂಟ. ಅದು ಚಿಗುರಿದೆ ಅಕ್ಕ. ತೆಳ್ಳನೆಯ ಹಸಿರು ಎಲೆಗಳು ಬಂದಿವೆ.

ಅಮ್ಮ ಪ್ರತಿದಿನ ರೊಟ್ಟಿ ಸುಡುತ್ತಿದ್ದಾಳೆ. ಮನೆಯಲ್ಲಿ ನಮಗೆ ಜೋಳದ ಮುದ್ದೆ, ಹೊಳೆಗೆ ಗೋಧಿ ರೊಟ್ಟಿ. ಅಪ್ಪ ಅದನ್ನು ನೋಡಿಯೂ ಏನೂ ಕೇಳುವುದಿಲ್ಲ. ಬ್ಲಾಜಣ್ಣನ ವಿಷಯ ನಾನು ಕೊನೆಗೂ ಎತ್ತಿದಾಗ, "ಗೊತ್ತು, ಹುಡುಗರು ಹೇಳಿದ್ರು" ಎಂದರು, ತಟ್ಟೆಯಿಂದ ತಲೆ ಎತ್ತದೆ. ಪಾಪ, ಎಷ್ಟು ಬೇಗ ಮುದುಕರಾಗಿದ್ದಾರೆ!

ಈ ಕಾಗದವನ್ನು ಭಾವನಿಗೆ ತೋರಿಸಬೇಡ, ನಗುತ್ತಾರೆ.

ತಿಲ್ಕ


ಕರ್ಲೋವಾತ್ಸ್
ಗುರುವಾರ, ೨೦ ಜೂನ್

ನನ್ನ ಅಕ್ಕ,

ಬ್ಲಾಜಣ್ಣ ಎಲ್ಲಿದ್ದಾನೆಂದು ಗೊತ್ತಾಗಿದೆ. ಕೂತು ಓದು, ಮಗುವನ್ನು ತೊಟ್ಟಿಲಿಗೆ ಹಾಕಿ ಓದು.

ನಿನ್ನೆ ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾನು ಮರಳಿನ ದಂಡೆಗೆ ಹೋದೆ. ಒಟ್ಟಿಲು ಈಗ ನಮ್ಮ ಮನೆಯ ಸೂರಿಗಿಂತ ಎತ್ತರ. ನಡುವೆ ಆ ಕದ್ದ ಓಕ್ ಕಾಂಡ ಎದ್ದು ನಿಂತಿದೆ. ಗಂಡಸರೆಲ್ಲ ದೂರದ ಪೊದೆಯ ನೆರಳಿನಲ್ಲಿ ಮಲಗಿದ್ದರು.

"ಬಂದ್ರಪ್ಪ ಕೆಂಪು ಪುಸ್ತಕದ ಸಾಹೇಬರು!" ಎಂದ ಒಬ್ಬ. "ಏನಮ್ಮಾ, ಬೆಂಕಿ ಹತ್ರಾನೂ ಮುಷ್ಕರ ಮಾಡಿಸ್ತೀಯಾ?"

"ಉರಿಯೋಕೆ ಕೂಲಿ ಜಾಸ್ತಿ ಕೇಳು ಅಂತ ಹೇಳ್ಕೊಡ್ತಾಳೆ ಬಿಡು" ಎಂದ ಇನ್ನೊಬ್ಬ.

"ಹೋದ ವರ್ಷ ನೀವೆಲ್ಲ ಈ ಒಟ್ಟಿಲಿಗೆ ಒರಗ್ಕೊಂಡೇ ಗೊರಕೆ ಹೊಡೀತಿದ್ರಿ" ಎಂದೆ. "ಆಚೆಯವರು ಸೌದೆ ಕದೀತಾರೆ ಅಂತ ಮೇಲೇ ಹತ್ತಿ ಕೂತಿರ್ತಿದ್ರಿ. ಈಗ ಯಾಕೆ ಅಷ್ಟು ದೂರ? ಬನ್ನಿ, ಒಬ್ಬರಾದ್ರೂ ಬಂದು ಕೂತ್ಕೊಳ್ಳಿ ನೋಡೋಣ."

ನಗು ನಿಂತಿತು. ಯಾರೂ ಏಳಲಿಲ್ಲ.

"ತೇವ ಇದೆ" ಎಂದ ಮೊದಲನೆಯವನು, ಮರಳು ನೋಡುತ್ತ.

ನಾನು ಹಿಂತಿರುಗಿದಾಗ ವಿಂಕೊ ಓಡಿಬಂದು ಜೊತೆಗೂಡಿದ. ಈ ಮೂರು ವಾರದಲ್ಲಿ ಅವನ ಕೆನ್ನೆ ಒಳಗೆ ಹೋಗಿದೆ.

"ಸಿಕ್ಕಿದ್ದ ತಿಲ್ಕ" ಎಂದ. "ಮುಳುಗಿದ ಎರಡು ದಿನಕ್ಕೇ ಸಿಕ್ಕಿದ್ದ. ಕೆಳಗಡೆ ವಿಲೋ ಮರದ ಬೇರಿಗೆ ಸಿಕ್ಹಾಕ್ಕೊಂಡಿದ್ದ. ಮೊದಲನೇ ಸಲ ನಿನಗೆ ಅರ್ಧ ಮಾತ್ರ ಹೇಳ್ದೆ."

"ಎಲ್ಲಿ ಅವನು?"

"ಮನೆಗೆ ತಂದ್ರೆ ಗಂಟೆ ಹೊಡೀಬೇಕು, ಪಾದ್ರಿ ಬರ್ಬೇಕು, ಪೊಲೀಸರು ಬರ್ತಾರೆ. ಹಬ್ಬ ಆಗೋವರೆಗೂ ಅಂತ ಮಣ್ಣು ಮಾಡಿದ್ವಿ. ಹಬ್ಬ ಆದ ಮಾರನೇ ದಿನ ತೆಗೆದು, ಹೊಳೇಲಿ ಸಿಕ್ಕಿದ ಅಂತ ಹೇಳೋಣ ಅಂತ. ಹೊಸ ಮಣ್ಣು ಕಂಡ್ರೆ ಜನ ಕೇಳ್ತಾರೆ, ಅದಕ್ಕೆ ಮೇಲೆ..."

ನಾನು ಹಿಂತಿರುಗಿ ಒಟ್ಟಿಲನ್ನು ನೋಡಿದೆ.

ಅಕ್ಕ, ಅವರು ಅವನ ಮೇಲೆ ಸೌದೆ ಒಟ್ಟಿದ್ದಾರೆ. ಅವನ ಪ್ರಾಣ ತೆಗೆದ ಆ ಕಾಂಡವನ್ನೇ ಅವನ ಮೇಲೆ ನಿಲ್ಲಿಸಿದ್ದಾರೆ. ಭಾನುವಾರ ಸಂಜೆ ಅದಕ್ಕೆ ಬೆಂಕಿಯಿಟ್ಟು ಸುತ್ತ ಹಾಡುತ್ತಾರೆ, ರಾಕಿಯಾ ಸಾರಾಯಿ ಕುಡಿಯುತ್ತಾರೆ, ಹುಡುಗ ಹುಡುಗಿಯರು ಕೈ ಹಿಡಿದು ಕೆಂಡ ಹಾರುತ್ತಾರೆ.

"ದಿನಾ ಬೆಳಿಗ್ಗೆ ಅಡಿ ಸೌದೆ ತೆಗೆದು ಒಣ ಸೌದೆ ಇಡ್ತೀವಿ" ಎಂದ ವಿಂಕೊ. ಅವನ ದನಿ ಪಿಸುಮಾತಿಗಿಳಿದಿತ್ತು. "ಮಣ್ಣು ಒಣಗಿ ಬಿರುಕು ಬಿಟ್ಟಿದೆ ತಿಲ್ಕ, ನಾನೇ ನೋಡಿದೀನಿ. ಮರುದಿನ ಸೌದೆ ಮಾತ್ರ ಒದ್ದೆ. ಹೊಳೆ ವಾಸನೆ ಬರತ್ತೆ. ಎಲ್ರಿಗೂ ಗೊತ್ತು, ಯಾರೂ ಮಾತಾಡಲ್ಲ."

"ಆಮೇಲೂ ಬೆಂಕಿ ಹಾಕ್ತೀರಾ?"

"ಏನ್ ಮಾಡ್ಲಿ ಹೇಳು? ನಮ್ಮೂರ ಕೋಟೆನೇ ಯುದ್ಧದಲ್ಲಿ ಕಡಿದ ತುರ್ಕರ ತಲೆಗಳ ಮೇಲೆ ಕಟ್ಟಿದ್ದು ಅಂತಾರೆ. ಮುನ್ನೂರು ವರ್ಷದಿಂದ ಜನ ಅದರ ಮೇಲೇ ಮದುವೆ ಮಾಡ್ಕೊಂಡು, ಮಕ್ಕಳು ಹೆತ್ಕೊಂಡು ಇದಾರೆ. ಯಾರ ನಿದ್ದೆ ಕೆಟ್ಟಿದೆ?"

"ನಂದು ಕೆಟ್ಟಿದೆ" ಎಂದೆ. "ನಿಂದೂ ಕೆಟ್ಟಿದೆ. ಕನ್ನಡಿ ನೋಡ್ಕೋ."

ಅವನು ತಲೆ ತಗ್ಗಿಸಿದ. "ಜೊತೆಗೆ ಬರ್ತೀಯಾ? ಒಟ್ಟಿಲು ಬಿಚ್ಚೋಣ" ಎಂದೆ. ಹೂಂ ಎಂದ. ಇದು ಯಾರ ಯೋಚನೆ, ಮಣ್ಣು ಮಾಡಲು ಹೇಳಿದವರು ಯಾರು ಎಂದು ಕೇಳಿದೆ. ಅದಕ್ಕೆ ಮಾತ್ರ ಉತ್ತರ ಕೊಡಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ.

ಶಾಲೆಯಲ್ಲಿ ಆ ತಲೆಗಳ ಕಥೆ ಹೇಳಿ ನಮಗೆ ಹೆಮ್ಮೆಪಡಲು ಕಲಿಸಿದರಲ್ಲ ಅಕ್ಕ, ನಾನು ಚಪ್ಪಾಳೆ ತಟ್ಟಿದ್ದೆ. ಆ ತಲೆಗಳಿಗೂ ಒಬ್ಬ ಅಮ್ಮ ಎಲ್ಲೋ ರೊಟ್ಟಿ ಸುಡುತ್ತಿದ್ದಳು ಎಂದು ಯಾರೂ ಹೇಳಿಕೊಡಲಿಲ್ಲ. ಜನರಿಗಾಗಿ ಹೋರಾಡಬೇಕು ಎಂದು ಓದಿ ಓದಿ ನಾನು ಬೆಳೆದೆ. ಈಗ ಹೋರಾಡಬೇಕಾಗಿರುವುದು ಇದೇ ಜನರ ಜೊತೆ, ನನ್ನನ್ನು ಎತ್ತಿ ಆಡಿಸಿದವರ ಜೊತೆ. ಆದರೂ ಬಿಡುವುದಿಲ್ಲ. ಈ ವರ್ಷ ನಮ್ಮ ದಡದಲ್ಲಿ ಬೆಂಕಿ ಉರಿಯುವುದಿಲ್ಲ. ಬ್ಲಾಜಣ್ಣ ಗಂಟೆಯ ಸದ್ದಿನ ಜೊತೆ, ಹೆಸರಿನ ಜೊತೆ, ಅಮ್ಮ ಒಗೆದ ಅಂಗಿ ತೊಟ್ಟು ಮಣ್ಣಿಗೆ ಹೋಗುತ್ತಾನೆ. ಅಮ್ಮನಿಗೆ ನಾನಿನ್ನೂ ಹೇಳಿಲ್ಲ. ಅವನನ್ನು ಹೊರತೆಗೆದ ಮೇಲೆ ಹೇಳುತ್ತೇನೆ.

ಶನಿವಾರದ ರೈಲು ಹತ್ತು. ಮಗುವನ್ನು ನಿನ್ನ ಅತ್ತೆಯ ಬಳಿ ಬಿಟ್ಟು ಬಾ. ದೇವರು ಇದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ, ಇದ್ದರೆ ನಿನ್ನ ತೊಟ್ಟಿಲನ್ನು ಕಾಯಲಿ.

ನಿನ್ನ
ತಿಲ್ಕ

ಮರೆತದ್ದಲ್ಲ, ಬರೆಯಲು ಧೈರ್ಯ ಬಾರದೆ ಕೊನೆಗೆ ಉಳಿಸಿಕೊಂಡದ್ದು: ಇವತ್ತು ಬೆಳಿಗ್ಗೆ ನಾನು ದಂಡೆಗೆ ಹೋಗಿದ್ದೆ. ಒಟ್ಟಿಲಿನ ಬುಡದಲ್ಲಿ ಅಪ್ಪ ಮೊಣಕಾಲೂರಿ ಕುಳಿತಿದ್ದರು. ಒದ್ದೆ ಸೌದೆಗಳನ್ನು ಒಂದೊಂದಾಗಿ ಎಳೆದು, ತಮ್ಮ ಅಂಗಿಯಿಂದ ಒರೆಸಿ, ಮತ್ತೆ ಇಡುತ್ತಿದ್ದರು. ನನ್ನನ್ನು ನೋಡಿ ಬೆಚ್ಚಲಿಲ್ಲ.

"ಮೆಲ್ಲಗೆ ಬಾರೇ" ಎಂದರು, ಮಲಗಿದ ಮಗುವಿನ ಕೋಣೆಗೆ ಬರುವವಳಿಗೆ ಹೇಳುವ ಹಾಗೆ. "ಹೊಳೆಯಿಂದ ನಾನೇ ಎತ್ತಿದ್ದು ಅವನನ್ನ. ಎಷ್ಟು ತಣ್ಣಗಿದ್ದ ಗೊತ್ತಾ? ಎದೆಗೆ ಅವಚ್ಕೊಂಡು ಕೂತೆ. ಬೆನ್ನುಜ್ಜಿದೆ. ಕೈಯುಜ್ಜಿದೆ. ಎಷ್ಟು ಹೊತ್ತಾದ್ರೂ ಬೆಚ್ಚಗಾಗ್ಲೇ ಇಲ್ಲ. ಇನ್ನೂ ನಡುಗ್ತಿದಾನೆ, ನೀನೇ ನೋಡು, ಸೌದೆಯೆಲ್ಲ ಹೆಂಗೆ ಒದ್ದೆ ಮಾಡಿದಾನೆ. ಭಾನುವಾರ ಒಂದು ಬಂದ್ಬಿಡ್ಲಿ. ಈ ದಡ ಇದುವರೆಗೂ ಕಾಣದಂಥ ಬೆಂಕಿ ಹಾಕ್ತೀನಿ ನನ್ನ ಮಗನಿಗೆ. ಬೆಚ್ಚಗಾಗ್ತಾನೆ ಬಿಡು."

ಅವರ ಕೈಯನ್ನು ನನ್ನ ಕೈಯಲ್ಲಿ ತೆಗೆದುಕೊಂಡೆ. ಬಾವಿಯ ನೀರಿನ ಹಾಗೆ ತಣ್ಣಗಿತ್ತು. ಜೂನ್ ತಿಂಗಳು, ಸೂರ್ಯ ಆಗಲೇ ಬೆನ್ನು ಸುಡುತ್ತಿದ್ದ, ಅಪ್ಪನ ಅಂಗೈಯಿಂದ ಮೊಣಕೈವರೆಗೆ ನೀರು ಇಳಿಯುತ್ತಿತ್ತು. ಅವರ ಪಕ್ಕ ಕುಳಿತು ನಾನೂ ಸೌದೆ ಒರೆಸಿದೆ, ಅಕ್ಕ.

ಸೌದೆ ಇಳಿಸಲು ನಾನೂ ವಿಂಕೊನೂ ಸಾಕು. ಅಪ್ಪನನ್ನು ತಡೆಯಲು ನನ್ನಿಂದ ಆಗುವುದಿಲ್ಲ. ಚಿಕ್ಕಂದಿನಿಂದಲೂ ಅವರು ಮಾತು ಕೇಳುತ್ತಿದ್ದದ್ದು ನಿನ್ನದೊಬ್ಬಳದೇ. ನೀನು ಬಂದು ಅವರ ಎರಡೂ ಕೈ ಹಿಡಿದುಕೊಂಡಿರು, ಅಷ್ಟು ಮಾಡು. ಊರೆಲ್ಲ ಪೂಜೆಗೆ ಹೋಗಿರುತ್ತದೆ. ಭಾನುವಾರ, ಜೂನ್ ಇಪ್ಪತ್ತಮೂರು, ಬೆಳಿಗ್ಗೆ ಹತ್ತು ಗಂಟೆಗೆ, ಮರಳಿನ ದಂಡೆಯಲ್ಲಿ.